ಬಯಿ, ಬಲನ್: ಜಿರ್ಬಲ್ ಭಾಷೆಯಲ್ಲಿ ಪ್ರಾಣಿಗಳ ಹೆಸರು ಕಲಿಯುವ ಬಗೆ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಜಿರ್ಬಲ್ ಭಾಷೆಯಲ್ಲಿ ಪ್ರಾಣಿಗಳ ಹೆಸರು ಕಲಿಯಲು ಹೊರಟವರಿಗೆ ನಾನು ಮೊದಲು ಹೇಳುವುದು ಇಷ್ಟು: ಹೆಸರನ್ನು ಒಂಟಿಯಾಗಿ ಕಲಿಯಬೇಡಿ. ‘ಗುಡ’ ಎಂದರೆ ನಾಯಿ ಎಂದು ಬರೆದುಕೊಂಡರೆ ಅರ್ಧ ಮಾತ್ರ ಬರೆದ ಹಾಗೆ. ‘ಬಲನ್ ಗುಡ’ ಎಂದು ಬರೆಯಿರಿ, ಹಾಗೆಯೇ ಬಾಯಿಪಾಠ ಮಾಡಿ. ಕಾಂಗರೂ ‘ಬಯಿ ಯುೞಿ’. ಹಕ್ಕಿ ‘ಬಲನ್ ಡುಂಡು’. ಈ ಬಯಿ ಮತ್ತು ಬಲನ್ ಎಂಬ ಮುಂಪದಗಳು ಅಲಂಕಾರಕ್ಕೆ ಇರುವವಲ್ಲ. ಆ ಜನ ಯಾವ ಪ್ರಾಣಿಯನ್ನು ಯಾವುದರ ಜೊತೆ ಸೇರಿಸಿ ನೋಡುತ್ತಾರೆ ಎಂಬುದೆಲ್ಲ ಅವುಗಳಲ್ಲೇ ಇದೆ.

ನಾನು ಶಿವಮೊಗ್ಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಮಗಳ ಸಂಸಾರದೊಂದಿಗೆ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಇನ್ನಿಸ್‌ಫೇಲ್ ಊರಿನಲ್ಲಿದ್ದೇನೆ. ಇಲ್ಲಿಂದ ದಕ್ಷಿಣಕ್ಕೆ ಟಲ್ಲಿ, ಕಾರ್ಡ್‌ವೆಲ್, ಪಶ್ಚಿಮಕ್ಕೆ ಘಟ್ಟ ಹತ್ತಿದರೆ ಮಲಾಂಡ, ರೇವನ್ಸ್‌ಹೋ. ಇವುಗಳ ನಡುವಿನ ಮಳೆಕಾಡು ಜಿರ್ಬಲ್ ಮಾತಾಡುವವರ ನಾಡು. ಮಳೆ ಎಂದರೆ ಮಲೆನಾಡಿನವರಾದ ನಮಗೂ ಗೌರವ ಹುಟ್ಟಿಸುವಂಥ ಮಳೆ. 1950ರಲ್ಲಿ ಟಲ್ಲಿಯಲ್ಲಿ 7,900 ಮಿಲಿಮೀಟರ್ ದಾಟಿತ್ತು. ಅದರ ನೆನಪಿಗೆ ಊರಿನಲ್ಲಿ 7.9 ಮೀಟರ್ ಎತ್ತರದ ಬೂಟೊಂದನ್ನು ನಿಲ್ಲಿಸಿದ್ದಾರೆ.

ಕಲಿಯುವ ಮುನ್ನ ಯಾರ ಮಾತನ್ನು ಕಲಿಯುತ್ತಿದ್ದೀರಿ ಎಂದು ತಿಳಿದುಕೊಳ್ಳಬೇಕು. ‘ಜಿರ್ಬಲ್’ ಎಂಬುದು ಭಾಷಾಶಾಸ್ತ್ರಜ್ಞರು ಇಡೀ ಭಾಷೆಗೆ ಇಟ್ಟುಕೊಂಡ ಹೆಸರು. ನಿಜಕ್ಕೂ ಅದು ಆ ಭಾಷೆಯ ಒಂದು ಗುಂಪಿನ ಹೆಸರು. ಮಲಾಂಡ ಕಡೆಯವರು ಙಜನ್, ಇನ್ನಿಸ್‌ಫೇಲ್ ಸುತ್ತಿನವರು ಮಾಮು, ಮರ್ರಿ ನದಿ ಮತ್ತು ಕಾರ್ಡ್‌ವೆಲ್ ಕಡೆಯವರು ಗಿರಮಯ್, ಟಲ್ಲಿಯವರು ಗುಲ್ಙಯ್. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತದೆ, ಆದರೆ ಪ್ರಾಣಿಗಳ ಹೆಸರುಗಳು ಅಲ್ಲಲ್ಲಿ ಬದಲಾಗುತ್ತವೆ. ಕುಂದಾಪುರದ ಮಾತನ್ನೂ ಧಾರವಾಡದ ಮಾತನ್ನೂ ಒಂದೇ ಪಟ್ಟಿಗೆ ಸೇರಿಸಿ ಹೊರಗಿನವರಿಗೆ ಕಲಿಸಿದರೆ ಏನಾಗುತ್ತದೋ ಇಲ್ಲಿಯೂ ಅದೇ ಆಗುತ್ತದೆ. ಆದ್ದರಿಂದ ಪ್ರತಿ ಹೆಸರಿನ ಮುಂದೆ ಅದು ಯಾವ ಗುಂಪಿನವರ ಬಾಯಿಂದ ಬಂದದ್ದು ಎಂದು ಬರೆದಿಡಿ. ನನಗೆ ಕಲಿಸುತ್ತಿರುವವರು ಒಬ್ಬ ಹಿರಿಯ ಮಹಿಳೆ. ಇಲ್ಲಿನ ಮೂಲನಿವಾಸಿಗಳು ಹಿರಿಯರನ್ನು ಆಂಟಿ, ಅಂಕಲ್ ಎಂದು ಕರೆಯುವುದು ಗೌರವದ ರೂಢಿ. ಹಾಗಾಗಿ ನನಗೂ ಅವರು ಆಂಟಿಯೇ.

ಉಚ್ಚಾರಣೆಗೆ ಕನ್ನಡ ಲಿಪಿಯೇ ಸಾಕು

ಇಲ್ಲಿ ಕನ್ನಡಿಗರಿಗೆ ದೊಡ್ಡ ಅನುಕೂಲವಿದೆ. ಇಂಗ್ಲಿಷಿನಲ್ಲಿ ಬರೆದ ಪಟ್ಟಿಗಳನ್ನು ಪಕ್ಕಕ್ಕಿಟ್ಟು ನಮ್ಮ ಲಿಪಿಯಲ್ಲೇ ಬರೆದುಕೊಳ್ಳಿ. ಜಿರ್ಬಲ್‌ಗೆ ಇರುವ ಸ್ವರಗಳು ಮೂರೇ: ಅ, ಇ, ಉ. ವ್ಯಂಜನಗಳು ಹದಿಮೂರು. ಸ, ಶ, ಹ, ಫ ಯಾವುದೂ ಇಲ್ಲ, ಮಹಾಪ್ರಾಣಗಳಿಲ್ಲ. ಕ–ಗ, ಪ–ಬ ವ್ಯತ್ಯಾಸವೂ ಇಲ್ಲ. ಒಂದೇ ಪದ ಒಬ್ಬರ ಬಾಯಲ್ಲಿ ಗಕಾರವಾಗಿ, ಇನ್ನೊಬ್ಬರ ಬಾಯಲ್ಲಿ ಕಕಾರವಾಗಿ ಕೇಳಿಸಿದರೆ ಗೊಂದಲಪಡಬೇಡಿ, ಪದ ಅದೇ. ಒತ್ತು ಮೊದಲ ಅಕ್ಷರದ ಮೇಲೆ ಬೀಳುತ್ತದೆ. ನಾನು ಡ ಎಂದು ಬರೆಯುವ ಧ್ವನಿ ನಮ್ಮ ಡಕಾರದಷ್ಟು ನಾಲಿಗೆ ಮಡಚುವುದಿಲ್ಲ. ನಾಲಿಗೆಯ ತುದಿ ಮೇಲುಹಲ್ಲಿನ ಹಿಂದಿನ ಉಬ್ಬನ್ನು ಮುಟ್ಟಿದರೆ ಸಾಕು.

ವರ್ಣಮಾಲೆ ಕಲಿಸುವಾಗ ಪ್ರತಿ ವರ್ಷ ಮಕ್ಕಳು ಕೇಳುತ್ತಿದ್ದರು, ಙ ಮತ್ತು ಞ ಯಾವ ಪದದಲ್ಲಿ ಬರುತ್ತವೆ ಎಂದು. ಕನ್ನಡದಲ್ಲಿ ಅವು ಪದದ ಮೊದಲಿಗೆ ಬರುವುದೇ ಇಲ್ಲ, ಒಳಗೆ ಬಂದರೂ ಹೆಚ್ಚಾಗಿ ಸೊನ್ನೆಯ ಹಿಂದೆ ಅಡಗಿರುತ್ತವೆ. ಜಿರ್ಬಲ್‌ನಲ್ಲಿ ಅವೆರಡೂ ಪದದ ಬಾಗಿಲಲ್ಲೇ ನಿಲ್ಲುತ್ತವೆ. ‘ನಾನು’ ಎಂಬುದಕ್ಕೆ ಙಜ, ‘ನಾವು’ ಎಂಬುದಕ್ಕೆ ಙನ, ‘ನೀವೆಲ್ಲ’ ಎಂಬುದಕ್ಕೆ ಞುರ, ‘ತಂದೆ’ಗೆ ಙುಮ. ಅಭ್ಯಾಸ ಹೀಗೆ ಮಾಡಿ: ‘ಗಂಗೆ’ ಎನ್ನಲು ಹೊರಟು ‘ಗಙ್’ ಎಂಬಲ್ಲಿ ನಿಲ್ಲಿಸಿ, ನಾಲಿಗೆಯ ಹಿಂಭಾಗ ಮೇಲೆಯೇ ಇರಲಿ. ಗಕಾರ ಹೊರಬರದಂತೆ ತಡೆದು ‘ಅ’ ಸೇರಿಸಿ. ಅದು ಙ. ಸ್ನಾನದ ಮನೆಯಲ್ಲಿ, ಅಡುಗೆ ಮಾಡುವಾಗ ‘ಙಜ, ಙನ, ಙುಮ’ ಎಂದು ಹೇಳುತ್ತಿರಿ. ಕೆಲವು ದಿನಗಳಲ್ಲಿ ನಾಲಿಗೆ ತಾನೇ ಹಾದಿ ಕಂಡುಕೊಳ್ಳುತ್ತದೆ.

ರಕಾರ ಎರಡಿವೆ. ಒಂದು ನಮ್ಮ ರ, ನಾಲಿಗೆ ಚೆನ್ನಾಗಿ ಅದುರುವಂಥದ್ದು. ಇನ್ನೊಂದು ನಾಲಿಗೆಯನ್ನು ಹಿಂದಕ್ಕೆ ಸುರುಳಿ ಸುತ್ತಿ ಎಲ್ಲಿಯೂ ಮುಟ್ಟಿಸದೆ ನುಡಿಯುವಂಥದ್ದು. ಅದಕ್ಕೆ ನಾನು ಹಳಗನ್ನಡದ ೞ ಬಳಸುತ್ತೇನೆ. ತಮಿಳು, ಮಲಯಾಳ ಕಿವಿಗೆ ಬಿದ್ದವರಿಗೆ ಈ ಧ್ವನಿ ಕಷ್ಟವಲ್ಲ. ಯುೞಿ ಕಾಂಗರೂ, ಯೞ ಗಂಡಸು. ಈ ಎರಡು ರಕಾರಗಳನ್ನು ಬೆರೆಸಿದರೆ ಪದವೇ ಬೇರೆಯಾಗುತ್ತದೆ, ಆದ್ದರಿಂದ ಮೊದಲ ವಾರ ಇದರಲ್ಲೇ ಕಳೆದರೂ ನಷ್ಟವಿಲ್ಲ.

ಮೊದಲ ಹಿಡಿ ಹೆಸರುಗಳು

ದೊಡ್ಡ ಪಟ್ಟಿಯಿಂದ ಶುರುಮಾಡಬೇಡಿ. ನೀವು ಕಣ್ಣಾರೆ ಕಾಣಬಹುದಾದವುಗಳಿಂದ ಶುರುಮಾಡಿ. ಬಯಿ ಯುೞಿ, ದೊಡ್ಡ ಕಾಂಗರೂ. ಬಯಿ ಬರ್ಗನ್, ಅದಕ್ಕಿಂತ ಚಿಕ್ಕದಾದ ವಾಲಬಿ. ಬಯಿ ಮಬಿ, ಮರ ಹತ್ತುವ ಕಾಂಗರೂ. ಬಯಿ ಮಿಡಿನ್, ರಾತ್ರಿ ಮರಗಳಲ್ಲಿ ಓಡಾಡುವ ಪಾಸಮ್ ಎಂಬ ಪ್ರಾಣಿ. ಬಯಿ ವಡಮ್, ಹಾವು. ಬಯಿ ಜಬು, ಮೀನು. ಬಲನ್ ಗುಡ, ನಾಯಿ. ಬಲನ್ ಡುಂಡು, ಹಕ್ಕಿ. ಬಯಿ ಜಿಗಿರ್ಜಿಗಿರ್, ಬಾಲವನ್ನು ಸದಾ ಅತ್ತಿಂದಿತ್ತ ಆಡಿಸುವ ಕಪ್ಪು ಬಿಳುಪಿನ ಪುಟ್ಟ ಹಕ್ಕಿ.

ಕಾಂಗರೂ ಎಂಬ ಪದವೇ ಇಲ್ಲೇಕಿಲ್ಲ ಎಂದು ನಮ್ಮವರು ಕೇಳುತ್ತಾರೆ. ಅದು ಇಲ್ಲಿಂದ ಉತ್ತರಕ್ಕೆ, ಕುಕ್‌ಟೌನ್ ಬಳಿಯ ಗೂಗು ಯಿಮಿದಿರ್ ಭಾಷೆಯ ‘ಗಂಗುರು’. 1770ರಲ್ಲಿ ಕುಕ್‌ನ ಹಡಗಿನವರು ಕೇಳಿ ಬರೆದುಕೊಂಡದ್ದು. ಅಲ್ಲಿಯೂ ಅದು ಒಂದು ಬಗೆಯ ಪ್ರಾಣಿಗೆ ಮಾತ್ರ ಇದ್ದ ಹೆಸರು. ಇಲ್ಲಿ ಯುೞಿ, ಬರ್ಗನ್, ಮಬಿ ಮೂರೂ ಬೇರೆ ಬೇರೆ, ಮೂರಕ್ಕೂ ಸೇರಿ ಒಂದೇ ಹೆಸರು ಹುಡುಕಲು ಹೋಗಬೇಡಿ.

ಮಬಿಯನ್ನು ನೋಡಬೇಕಾದರೆ ಮುಸ್ಸಂಜೆಯಲ್ಲಿ ಮಲಾಂಡ ಜಲಪಾತದ ಬಳಿಯ ಕಾಡಿಗೆ ಹೋಗಿ ಮರದ ನೆತ್ತಿಯತ್ತ ನೋಡಿ. ಉದ್ದನೆಯ ಬಾಲ ಇಳಿಬಿದ್ದಿರುವುದೇ ಮೊದಲು ಕಾಣುತ್ತದೆ. ನಾರ್ವೆಯ ಕಾರ್ಲ್ ಲೂಮ್‌ಹೋಲ್ಟ್ಸ್ 1880ರ ದಶಕದಲ್ಲಿ ಈ ಸೀಮೆಯ ಜನರ ಜೊತೆ ಕಾಡಿನಲ್ಲಿದ್ದವನು. ಪ್ರಾಣಿಶಾಸ್ತ್ರ ಈ ಪ್ರಾಣಿಗೆ ಅವನ ಹೆಸರನ್ನೇ ಇಟ್ಟಿತು. ಆದರೆ ಅದು ವಾಸಿಸುವ ಬಸಾಲ್ಟ್ ಮಣ್ಣಿನ ಕಾಡಿಗೆ ಇಂದು ಸರ್ಕಾರಿ ದಾಖಲೆಗಳಲ್ಲೂ ‘ಮಬಿ ಕಾಡು’ ಎಂದೇ ಹೆಸರು. ಹೈನುಗಾರಿಕೆಗೆ, ಜೋಳಕ್ಕೆ ಕಡಿದು ಈಗ ಆ ಕಾಡು ತುಂಡು ತುಂಡಾಗಿ ಉಳಿದಿದೆ. ಒಂದು ಪ್ರಾಣಿಯ ಹೆಸರು ಅದರ ಕಾಡನ್ನು ಉಳಿಸುವ ಕಾನೂನಿನೊಳಗೂ ಹೋಗಿ ಕುಳಿತಿರುವುದು ನನಗೆ ಬಹಳ ಸಮಾಧಾನ ತರುತ್ತದೆ.

ಹಾರಲಾರದ ದೊಡ್ಡ ಹಕ್ಕಿ ಕ್ಯಾಸವರಿಯನ್ನು, ಅಂದರೆ ಗಿರಮಯ್ ಕಡೆಯವರ ಗುಂಡುಯ್ ಅನ್ನು ನೋಡಲು ಇನ್ನಿಸ್‌ಫೇಲ್ ಬಳಿಯ ಎಟ್ಟಿ ಬೇ ಕಡಲತೀರ ಒಳ್ಳೆಯ ಜಾಗ. ದೂರದಿಂದಲೇ ನೋಡಿ. ಹಣ್ಣು ತೋರಿಸಿ ಕರೆಯಬೇಡಿ, ಅದು ಅಪರಾಧ, ಜೊತೆಗೆ ಅದರ ಕಾಲಿನ ಉಗುರು ಬಲು ಹರಿತ.

ಯಾವುದು ಬಯಿ, ಯಾವುದು ಬಲನ್

ನಾನು ಇಡೀ ಬರಹವನ್ನು ಬರೆಯುತ್ತಿರುವುದೇ ಈ ಭಾಗಕ್ಕಾಗಿ. ಕನ್ನಡದಲ್ಲಿ ಗಂಡಸಿಗೆ ಅವನು, ಹೆಂಗಸಿಗೆ ಅವಳು, ಪ್ರಾಣಿಗಳೆಲ್ಲಕ್ಕೂ ಅದು. ಆನೆಯೂ ಅದೇ, ಇರುವೆಯೂ ಅದೇ. ಜಿರ್ಬಲ್‌ನಲ್ಲಿ ನಾಮಪದಗಳು ನಾಲ್ಕು ಗುಂಪು. ಬಯಿ ಗುಂಪಿನಲ್ಲಿ ಗಂಡಸರು ಮತ್ತು ಹೆಚ್ಚಿನ ಪ್ರಾಣಿಗಳು. ಬಲನ್ ಗುಂಪಿನಲ್ಲಿ ಹೆಂಗಸರು, ನೀರು, ಬೆಂಕಿ, ಕಾದಾಟಕ್ಕೆ ಸೇರಿದವು. ಬಲಮ್ ಗುಂಪಿನಲ್ಲಿ ತಿನ್ನುವ ಹಣ್ಣು, ಗೆಡ್ಡೆ, ಜೇನು. ಉಳಿದ ಕಲ್ಲು, ಮರ, ಮಾತು ಇತ್ಯಾದಿಗೆ ಬಲ. ಪ್ರಾಣಿಗಳ ಹೆಸರು ಕಲಿಯುವವರಿಗೆ ಮುಖ್ಯವಾದವು ಮೊದಲೆರಡು.

ಪ್ರಾಣಿಗೆ ಬಯಿ ಎಂದು ಊಹಿಸಿ ಹೊರಟರೆ ಬಹುಪಾಲು ಸರಿಯಾಗುತ್ತದೆ. ಕಲಿಕೆ ನಿಜವಾಗಿ ಶುರುವಾಗುವುದು ಊಹೆ ತಪ್ಪುವ ಕಡೆಗಳಲ್ಲಿ. ಹಕ್ಕಿಗಳು ಬಲನ್, ಏಕೆಂದರೆ ತೀರಿಕೊಂಡ ಹೆಂಗಸರ ಆತ್ಮಗಳೇ ಹಕ್ಕಿಗಳಾಗಿವೆ ಎಂಬುದು ಇಲ್ಲಿನ ನಂಬಿಕೆ. ಆದರೆ ಬಾಲ ಆಡಿಸುವ ಜಿಗಿರ್ಜಿಗಿರ್ ಬಯಿ, ಪುರಾಣಕಾಲದಲ್ಲಿ ಅದು ಗಂಡಸಾಗಿತ್ತು. ಬೇರೆ ಹಕ್ಕಿಗಳನ್ನು ಹಿಡಿದು ತಿನ್ನುವ ಗಿಡುಗ ಹಕ್ಕಿಗಳ ಸಾಲಿನಿಂದ ಹೊರಬಿದ್ದು ಬಯಿ ಆಗುತ್ತದೆ. ಮೀನುಗಳು ಬಯಿ, ಆದರೆ ತುಳಿದರೆ ವಿಷದ ಮುಳ್ಳು ಚುಚ್ಚುವ ಕಲ್ಲುಮೀನು ಬಲನ್. ರಾತ್ರಿ ಕಿರ್ರೆನ್ನುವ ಚಿಮ್ಮಂಡೆಗಳು ಕತೆಗಳಲ್ಲಿ ಮುದುಕಿಯರು, ಹಾಗಾಗಿ ಬಲನ್. ಚಂದ್ರ ಬಯಿ, ಸೂರ್ಯ ಬಲನ್, ಇಬ್ಬರೂ ಗಂಡ ಹೆಂಡಿರು. ಸೂರ್ಯ ಹುಟ್ಟಿದನು ಎಂದು ಹೇಳಿ ಬೆಳೆದ ನಮಗೆ ಇದೊಂದು ಹೊಸ ಬೆಳಗು. ಒಂದು ಜಾತಿಯ ಕಂಬಳಿಹುಳುವೂ ಬಲನ್. ಅದು ಮೈಗೆ ತಾಗಿದರೆ ಆಗುವ ಉರಿ ಬಿಸಿಲಿಗೆ ಸುಟ್ಟ ಚರ್ಮದ ಉರಿಯ ಹಾಗೆ, ಆದ್ದರಿಂದ ಅದು ಸೂರ್ಯನ ಜೊತೆಗೆ ಸೇರಿತು. ಚೇಳು, ಮಿಂಚುಹುಳುಗಳೂ ಬಲನ್.

ನಾಯಿ, ಬಾತುಕೊಕ್ಕಿನ ಪ್ಲಾಟಿಪಸ್, ಮೈತುಂಬ ಮುಳ್ಳಿನ ಎಕಿಡ್ನಾ, ಇಲಿಯಂಥ ಬ್ಯಾಂಡಿಕೂಟ್ ಬಲನ್ ಏಕೆ ಎಂಬುದಕ್ಕೆ ಹಿರಿಯರು ಕಾರಣ ಹೇಳುವುದಿಲ್ಲ. ನೀವೂ ಕಾರಣ ಕಟ್ಟಬೇಡಿ. ಓದಿದ ಜನರಿಗೆ ಈ ಚಟ ಹೆಚ್ಚು, ಎಲ್ಲಕ್ಕೂ ಒಂದು ಸಿದ್ಧಾಂತ ಹೊಂದಿಸಿಬಿಡುತ್ತೇವೆ. ನಮಗೆ ಹೇಳಿಕೊಟ್ಟ ಕಾರಣವನ್ನು ಒಂದು ಬಣ್ಣದ ಶಾಯಿಯಲ್ಲಿ, ನಮ್ಮ ಊಹೆಯನ್ನು ಇನ್ನೊಂದು ಬಣ್ಣದಲ್ಲಿ ಬರೆದಿಡುವುದು ಒಳ್ಳೆಯದು. ಊಹೆಯನ್ನು ಬರೆಯದೇ ಬಿಡುವುದು ಇನ್ನೂ ಒಳ್ಳೆಯದು.

ಭಾಷೆ ಸೊರಗುವಾಗ ಮೊದಲು ಸವೆಯುವುದು ಈ ಸೂಕ್ಷ್ಮಗಳೇ. 1980ರ ದಶಕದಲ್ಲಿ ಆನೆಟ್ ಶ್ಮಿಟ್ ಎಂಬ ಭಾಷಾಶಾಸ್ತ್ರಜ್ಞೆ ಇಲ್ಲಿನ ಯುವಜನರ ಜಿರ್ಬಲ್ ಅನ್ನು ಅಭ್ಯಾಸ ಮಾಡಿದರು. ಹಲವರಲ್ಲಿ ಬಲನ್ ಎಂಬುದು ಹೆಂಗಸರಿಗೆ ಮಾತ್ರ ಉಳಿದು, ಪ್ರಾಣಿಗಳೆಲ್ಲ ಬಯಿ ಕಡೆಗೆ ಸರಿದಿದ್ದವು. ಹಕ್ಕಿ ಬಯಿ ಆದ ಕ್ಷಣ ಅದರೊಳಗಿನ ಅಜ್ಜಿಯರ ಕತೆಯೂ ಜಾರುತ್ತದೆ. ಆ ಯುವಜನರ ಮಾತು ಕೀಳು ಎಂದು ಯಾರೂ ಭಾವಿಸಬಾರದು. ಅಷ್ಟಾದರೂ ಅವರು ಉಳಿಸಿಕೊಂಡದ್ದು ಎಂಥ ಕಾಲದಲ್ಲಿ ಎಂಬುದನ್ನು ನೆನೆಯಬೇಕು. 1897ರ ಕಾನೂನು ಮೂಲನಿವಾಸಿಗಳನ್ನು ಅವರ ನೆಲದಿಂದ ಎಬ್ಬಿಸಿ ಎಲ್ಲಿಗೆ ಬೇಕಾದರೂ ಸಾಗಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ಈಗ ಮಿಷನ್ ಬೀಚ್ ಎನ್ನುವ ಕಡೆ 1914ರಲ್ಲಿ ಮೂಲನಿವಾಸಿಗಳನ್ನು ಇರಿಸಲು ಹಲ್ ನದಿ ವಸತಿ ತೆರೆದರು. 1918ರ ಚಂಡಮಾರುತ ಅದನ್ನು ನೆಲಸಮ ಮಾಡಿದಾಗ ಉಳಿದವರನ್ನು ಪಾಮ್ ದ್ವೀಪಕ್ಕೆ ಒಯ್ದರು. ಕಾಡು ಕಬ್ಬಿನ ಗದ್ದೆಯಾಯಿತು, ಬಾಳೆ ತೋಟವಾಯಿತು. ಈ ಭಾಷೆಯನ್ನು ತೊಟ್ಟಿಲಿನಿಂದಲೇ ಆಡಿಕೊಂಡು ಬಂದವರು ಇಂದು ಬೆರಳೆಣಿಕೆಯಷ್ಟು.

ಕಂಡದ್ದು, ಕೇಳಿದ್ದು

ಮುಂಪದದಲ್ಲಿ ಇನ್ನೊಂದು ಸೊಗಸಿದೆ. ಪ್ರಾಣಿ ಇಲ್ಲೇ ಕಣ್ಣೆದುರಿಗಿದ್ದರೆ ಗಿಯಿ, ಗಿಞನ್. ಅಲ್ಲಿದ್ದು ಕಾಣುತ್ತಿದ್ದರೆ ಬಯಿ, ಬಲನ್. ಕಾಣದೆ ಸದ್ದು ಮಾತ್ರ ಕೇಳಿಸುತ್ತಿದ್ದರೆ, ಇಲ್ಲವೇ ನೆನಪಿನಲ್ಲಿ ಮಾತ್ರ ಇದ್ದರೆ ಙಯಿ, ಙಲನ್. ಕಣ್ಣಿಗೆ ಹತ್ತು ಹೆಜ್ಜೆ ಆಚೆಯದೂ ಕಾಣದ ಈ ದಟ್ಟ ಕಾಡಿನಲ್ಲಿ ನಿಂತರೆ ಇದರ ಬೆಲೆ ತಿಳಿಯುತ್ತದೆ. ಹಕ್ಕಿ ಎಲೆಗಳ ನಡುವೆ ಕೂಗುತ್ತಿರುತ್ತದೆ, ಕಾಣುವುದಿಲ್ಲ: ಙಲನ್ ಡುಂಡು. ಕೊಂಬೆ ಬದಲಿಸಿ ಬಯಲಿಗೆ ಬರುತ್ತದೆ: ಬಲನ್ ಡುಂಡು. ಹಾರಿ ಬಂದು ನಿಮ್ಮ ಪಕ್ಕದ ಬೇಲಿಯ ಮೇಲೆ ಕೂರುತ್ತದೆ: ಗಿಞನ್ ಡುಂಡು. ಒಂದೇ ಹಕ್ಕಿಯನ್ನು ಹಿಂಬಾಲಿಸುತ್ತ ಮೂರನ್ನೂ ಹೇಳುವುದು ನಾನು ಕಂಡ ಅತ್ಯುತ್ತಮ ಪಾಠ. ಮೊಮ್ಮಕ್ಕಳಿದ್ದರೆ ಅವರನ್ನು ಜೊತೆಗೆ ಕರೆದೊಯ್ಯಿರಿ, ಅವರು ನಮಗಿಂತ ಬೇಗ ಹಿಡಿಯುತ್ತಾರೆ.

ಆಮೇಲೆ ಹೆಸರನ್ನು ವಾಕ್ಯದಲ್ಲಿ ಇಡಿ. ‘ಬನಿಞು’ ಎಂದರೆ ಬರುತ್ತಿದೆ. ಬಲನ್ ಗುಡ ಬನಿಞು, ನಾಯಿ ಬರುತ್ತಿದೆ. ಬಯಿ ಯುೞಿ ಬನಿಞು, ಕಾಂಗರೂ ಬರುತ್ತಿದೆ. ನೋಡುವುದಕ್ಕೆ ‘ಬುೞನ್’. ಇಲ್ಲಿ ಸ್ವಲ್ಪ ವ್ಯಾಕರಣ ಬೇಕು. ಕನ್ನಡದಲ್ಲಿ ‘ಗಂಡಸು ನಾಯಿಯನ್ನು ನೋಡಿದನು’ ಎನ್ನುವಾಗ ಪ್ರತ್ಯಯ ಹತ್ತುವುದು ನೋಡಿಸಿಕೊಂಡ ನಾಯಿಗೆ. ಜಿರ್ಬಲ್‌ನಲ್ಲಿ ನಾಯಿ ಹಾಗೆಯೇ ಉಳಿಯುತ್ತದೆ, ನೋಡಿದವನಿಗೆ ಪ್ರತ್ಯಯ ಹತ್ತುತ್ತದೆ, ಅವನ ಮುಂಪದವೂ ಬದಲಾಗುತ್ತದೆ: ಬಲನ್ ಗುಡ ಬಂಗುಲ್ ಯೞಂಗು ಬುೞನ್. ನಾಯಿಯೇ ಗಂಡಸನ್ನು ನೋಡಿದ್ದರೆ: ಬಯಿ ಯೞ ಬಂಗುನ್ ಗುಡಂಗು ಬುೞನ್. ಬಯಿ ಬಂಗುಲ್ ಆಗುತ್ತದೆ, ಬಲನ್ ಬಂಗುನ್ ಆಗುತ್ತದೆ. ಈ ಎರಡು ವಾಕ್ಯಗಳನ್ನು ಗೋಡೆಗೆ ಅಂಟಿಸಿಕೊಂಡು ಬಾಯಿಗೆ ಬರುವವರೆಗೂ ಓದಿ. ಮುಂಪದ ಬಿಟ್ಟು ಹೆಸರು ಕಲಿತವರು ಎಡವುವುದು ಸರಿಯಾಗಿ ಇಲ್ಲೇ.

ಅತ್ತೆಯ ಮುಂದಿನ ಮಾತು

ಮೊದಲ ಇಪ್ಪತ್ತು ಮೂವತ್ತು ಹೆಸರುಗಳು ಗಟ್ಟಿಯಾದ ಮೇಲೆ ಜಲ್ಙುಯ್ ಕಡೆಗೆ ಬನ್ನಿ. ದಿನನಿತ್ಯದ ಮಾತಿಗೆ ಗುವಲ್ ಎಂದು ಹೆಸರು. ಆದರೆ ಅಳಿಯ ಅತ್ತೆಯ ಸಮ್ಮುಖದಲ್ಲಿ, ಸೊಸೆ ಮಾವನ ಸಮ್ಮುಖದಲ್ಲಿ ಗುವಲ್ ಆಡುವಂತಿರಲಿಲ್ಲ. ಅಲ್ಲಿ ಜಲ್ಙುಯ್ ಆಡಬೇಕಿತ್ತು. ಧ್ವನಿಗಳು ಅವೇ, ವ್ಯಾಕರಣ ಅದೇ, ಪದಗಳು ಬಹುತೇಕ ಬೇರೆ. ಗಂಡನ ಹೆಸರನ್ನು ನಾಲಿಗೆಯ ಮೇಲೆ ತರದ ಅಜ್ಜಿಯರನ್ನು ಕಂಡ ನಮಗೆ ಇದರ ಹಿಂದಿನ ಭಾವ ಅರ್ಥವಾಗುತ್ತದೆ, ಆದರೆ ಇಡೀ ಪದಕೋಶವೇ ಬದಲಾಗುವುದು ಬೆರಗಿನ ಮಾತು. ಸುಮಾರು 1930ರ ಹೊತ್ತಿಗೆ ಅದರ ಬಳಕೆ ನಿಂತಿತು.

ಪ್ರಾಣಿಗಳ ಹೆಸರು ಕಲಿಯುವವರಿಗೆ ಇದರ ಉಪಯೋಗ ಹೀಗೆ. ಜಲ್ಙುಯ್‌ನಲ್ಲಿ ಪದಗಳು ಕಡಿಮೆ, ಆದ್ದರಿಂದ ಒಂದೊಂದು ಪದ ಗುವಲ್‌ನ ಹಲವು ಪದಗಳನ್ನು ಹೊರುತ್ತದೆ. ಗುವಲ್‌ನಲ್ಲಿ ನೀಲಿ ನಾಲಿಗೆಯ ಹಲ್ಲಿ ಬಂಗರ, ಕೊರಳ ಸುತ್ತ ಚರ್ಮದ ಕೊಡೆ ಬಿಚ್ಚುವ ಹಲ್ಲಿ ಬಿಯು, ಹೊಳೆಯಂಚಿನ ದೊಡ್ಡ ಹಲ್ಲಿ ಬಜಿರಿ. ಜಲ್ಙುಯ್‌ನಲ್ಲಿ ಇವೆಲ್ಲವೂ ಜಿಜನ್. ಅಂದರೆ ಯಾವ ಯಾವ ಪ್ರಾಣಿಗಳನ್ನು ಒಂದೇ ಕುಲವೆಂದು ಎಣಿಸುತ್ತಿದ್ದರು ಎಂಬುದು ಇದರಿಂದ ತಿಳಿಯುತ್ತದೆ. ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಕುಲದ ಪದಕ್ಕೊಂದು ಪುಟ ಕೊಟ್ಟು, ಅದರ ಕೆಳಗೆ ಒಂದೊಂದರ ಹೆಸರು ಬರೆಯುತ್ತ ಹೋಗಿ. ವರ್ಣಾನುಕ್ರಮದ ಪಟ್ಟಿಗಿಂತ ಇದು ಬೇಗ ನೆನಪಿಗೆ ನಿಲ್ಲುತ್ತದೆ.

ಇಷ್ಟೆಲ್ಲ ನಮಗೆ ಸಿಗುವಂತಾದದ್ದು ಕ್ಲೋಯಿ ಗ್ರಾಂಟ್, ಜಾರ್ಜ್ ವಾಟ್ಸನ್ ಅಂಥ ಹಿರಿಯರಿಂದ. 1963ರಲ್ಲಿ ಇಲ್ಲಿಗೆ ಬಂದ ಭಾಷಾಶಾಸ್ತ್ರಜ್ಞ ಆರ್.ಎಂ.ಡಬ್ಲ್ಯು. ಡಿಕ್ಸನ್ ಅವರಿಗೆ ಇವರು ತಾಳ್ಮೆಯಿಂದ ಕಲಿಸಿದರು. ಡಿಕ್ಸನ್ ಬರೆದ ವ್ಯಾಕರಣ 1972ರಲ್ಲಿ ಅಚ್ಚಾಯಿತು.

ಹೋಲಿಕೆ ನೋಡಿ ಅರ್ಥ ಹೇಳುವುದರ ಬಗ್ಗೆ ಒಂದು ಎಚ್ಚರಿಕೆ. ಘಟ್ಟದ ಮೇಲಿನ ನೆರೆಭಾಷೆ ಬಬರಮ್‌ನಲ್ಲಿ ನಾಯಿಗೆ ‘ಡಾಗ್’ ಎಂದೇ ಹೆಸರಿತ್ತು. ಅದು ಇಂಗ್ಲಿಷಿನಿಂದ ಬಂದದ್ದಲ್ಲ. ಯಿಡಿಞ್ ಭಾಷೆಯಲ್ಲಿ ಗುಡಗ ಎಂದು ಉಳಿದಿರುವ ಹಳೆಯ ಪದವೇ ಅಲ್ಲಿ ಮೊದಲ ಅಕ್ಷರ ಕಳೆದುಕೊಂಡು, ಕೊನೆಯ ಸ್ವರ ಉದುರಿ ಹಾಗಾಯಿತು. ಜಿರ್ಬಲ್‌ನ ಗುಡ ಅದೇ ಪದದ ಇನ್ನೊಂದು ಕವಲು. ಕನ್ನಡದ ಪದವೊಂದರ ಹಾಗೆ ಕೇಳಿಸಿತೆಂದು ಸಂಬಂಧ ಕಟ್ಟುವ ಉತ್ಸಾಹ ನಮ್ಮಲ್ಲಿ ಬಹಳ. ಅದನ್ನು ತಡೆದುಕೊಳ್ಳಿ.

ಕಲಿಯುವವರು ಪಾಲಿಸಬೇಕಾದ ನಡವಳಿಕೆ

ಮೊದಲು ಅನುಮತಿ ಕೇಳಿ. ಪದಗಳು ಆ ಜನರ ಸ್ವತ್ತು. ಕಾರ್ಡ್‌ವೆಲ್‌ನ ಗಿರಿಂಗುನ್ ಸಂಸ್ಥೆಯಂಥ ಮೂಲನಿವಾಸಿಗಳದೇ ಸಂಸ್ಥೆಗಳ ಮೂಲಕ ಹೋದರೆ ದಾರಿ ಸುಗಮ. ಕ್ಯಾನ್‌ಬೆರಾದಲ್ಲಿರುವ ಮೂಲನಿವಾಸಿಗಳ ಅಧ್ಯಯನ ಸಂಸ್ಥೆ ಎಐಎಟಿಎಸ್‌ಐಎಸ್ ಸಂಗ್ರಹದಲ್ಲಿ ಹಳೆಯ ಧ್ವನಿಮುದ್ರಣಗಳಿವೆ. ತೀರಿಕೊಂಡವರ ದನಿ ಕೇಳುವುದು ಅನೇಕ ಕುಟುಂಬಗಳಿಗೆ ನೋವಿನ ವಿಷಯ, ಹಾಗಾಗಿ ಅವರ ಮನೆಯವರೊಂದಿಗೆ ಇರುವಾಗ ಕೇಳದೆ ಹಾಕಬೇಡಿ. ಪಾಠಕ್ಕೆ ಹೋಗುವಾಗ ಹತ್ತಾರು ಪ್ರಶ್ನೆಗಳ ಪಟ್ಟಿ ಹಿಡಿದು ಹೋಗಬೇಡಿ. ಆಂಟಿಯೊಂದಿಗೆ ನಾನು ಹೊಳೆಯ ಬದಿಯಲ್ಲಿ ಕುಳಿತಿರುತ್ತೇನೆ. ಏನಾದರೂ ಬಂದರೆ ‘ಮಿಞ?’ ಎನ್ನುತ್ತೇನೆ, ಅಂದರೆ ಏನು. ಅವರು ಹೇಳುತ್ತಾರೆ, ನಾನು ಎರಡು ಸಲ ಹೇಳುತ್ತೇನೆ, ಅವರು ತಿದ್ದುತ್ತಾರೆ. ಏನೂ ಬಾರದಿದ್ದರೆ ಚಹಾ ಕುಡಿದು ಮನೆಗೆ ಬರುತ್ತೇವೆ. ಕತೆ ಹೇಳಿದರೆ ಕೇಳಿ, ಆದರೆ ಒಪ್ಪಿಗೆಯಿಲ್ಲದೆ ಅದನ್ನು ಎಲ್ಲಿಯೂ ಹಾಕಬೇಡಿ.

ಪುಸ್ತಕದ ಪ್ರತಿ ನಮೂದಿನಲ್ಲಿ ಈ ಕ್ರಮ ಇರಲಿ: ಮುಂಪದ, ಹೆಸರು, ಯಾವ ಗುಂಪಿನವರ ಮಾತು, ಎಲ್ಲಿ ಕಂಡದ್ದು ಅಥವಾ ಕೇಳಿದ್ದು, ಕಾರಣ ಹೇಳಿದ್ದರೆ ಅದು. ಪುಟ ತುಂಬಿದಾಗ ಇಂಗ್ಲಿಷ್ ಅಕ್ಷರದಲ್ಲಿ ಒಂದು ಪ್ರತಿ ಮಾಡಿ ಕಲಿಸಿದವರ ಮನೆಗೆ ಕೊಡಿ. ಅವರ ಮೊಮ್ಮಕ್ಕಳು ಕನ್ನಡ ಲಿಪಿ ಓದಲಾರರು. ಆ ಪ್ರತಿಯಲ್ಲಿ ಬಲನ್ ಹಕ್ಕಿಗಳು ಬಲನ್ ಆಗಿಯೇ ಇವೆಯೇ ಎಂದು ಕೊಡುವ ಮುನ್ನ ಇನ್ನೊಮ್ಮೆ ನೋಡಿ.